ಗಜಕರ್ಣ, ಕಜ್ಜಿ, ಕುರು: ಚರ್ಮದ ಸೋಂಕುಗಳು ಮತ್ತು ಅವುಗಳ ಸರಿಯಾದ ಚಿಕಿತ್ಸೆ



ತೊಡೆಸಂದಿಯಲ್ಲಿ, ಸೊಂಟದ ಸುತ್ತ, ಕಂಕುಳಲ್ಲಿ ತುರಿಕೆ ಬಂದರೆ ನಮ್ಮ ಮಂದಿ ಮೊದಲು ಯಾರಿಗೂ ಹೇಳುವುದಿಲ್ಲ. ನಾಲ್ಕು ದಿನ ತಡೆದುಕೊಂಡು, ಐದನೆಯ ದಿನ ಔಷಧದ ಅಂಗಡಿಗೆ ಹೋಗಿ ದನಿ ತಗ್ಗಿಸಿ “ತುರಿಕೆಗೆ ಒಂದು ಟ್ಯೂಬು ಕೊಡ್ರಿ” ಎನ್ನುತ್ತಾರೆ. ಅಂಗಡಿಯವರು ಕೈಗೆ ಸಿಕ್ಕ ಒಂದನ್ನು ಕೊಡುತ್ತಾರೆ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ. ನಿಜವಾದ ತೊಂದರೆ ಶುರುವಾಗುವುದು ಅಲ್ಲಿಂದ.

ನಾನು ಡಾಕ್ಟರಲ್ಲ. ಕಲಾದಗಿಯಲ್ಲಿ ಬಟ್ಟೆ ವ್ಯಾಪಾರ ಮಾಡುತ್ತೇನೆ. ಬಿಡುವಿದ್ದಾಗ ಆರೋಗ್ಯ ಶಿಬಿರಗಳಲ್ಲಿ ಹೆಸರು ಬರೆದುಕೊಳ್ಳುವುದು, ವಯಸ್ಸಾದವರನ್ನು ಬಾಗಲಕೋಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಇಷ್ಟು ನನ್ನ ಸೇವೆ. ಚರ್ಮದ ವಿಭಾಗದ ಬಾಗಿಲಲ್ಲಿ ಕುಳಿತು ಕುಳಿತು ಡಾಕ್ಟರುಗಳು ಒಂದೇ ಮಾತನ್ನು ದಿನಕ್ಕೆ ಐವತ್ತು ಸಲ ಹೇಳುವುದನ್ನು ಕೇಳಿದ್ದೇನೆ. ಆ ಮಾತು ಮನೆಮನೆಗೆ ಮುಟ್ಟಿದರೆ ಎಷ್ಟೋ ಕುಟುಂಬಗಳ ದುಡ್ಡು, ನಿದ್ದೆ ಎರಡೂ ಉಳಿಯುತ್ತವೆ ಎಂದು ಇದನ್ನು ಬರೆಯುತ್ತಿದ್ದೇನೆ.

ಗಜಕರ್ಣ ಎಂದರೆ ಹುಳುವಲ್ಲ

ಗಜಕರ್ಣ, ಹುಳುಕಡ್ಡಿ, ನಮ್ಮ ಕಡೆ ಕೆಲವರು ನಾಯಟಾ ಎನ್ನುವುದು, ಎಲ್ಲವೂ ಒಂದೇ. ಹೆಸರಿನಲ್ಲಿ ಹುಳು ಇದ್ದರೂ ಅಲ್ಲಿ ಯಾವ ಹುಳುವೂ ಇಲ್ಲ. ಉಪ್ಪಿನಕಾಯಿ ಭರಣಿಗೆ ನೀರು ತಾಗಿದರೆ ಮೇಲೆ ಬೂಸ್ಟು ಬರುತ್ತದಲ್ಲ, ಆ ಜಾತಿಯದೇ ಒಂದು ಶಿಲೀಂಧ್ರ. ಚರ್ಮ, ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಎಂಬ ಪದಾರ್ಥವೇ ಅದರ ಆಹಾರ. ಬೆವರು, ಕತ್ತಲು, ಬಿಗಿಯಾದ ಬಟ್ಟೆ ಇದ್ದಲ್ಲಿ ಚೆನ್ನಾಗಿ ಬೆಳೆಯುತ್ತದೆ. ಮೊದಲು ಒಂದು ಕೆಂಪು ಚುಕ್ಕೆ, ಆಮೇಲೆ ಅದು ಬಳೆಯ ಹಾಗೆ ಹರಡುತ್ತದೆ. ಅಂಚು ಉಬ್ಬಿ, ಹೊಟ್ಟು ಎದ್ದು, ನಡುವೆ ಚರ್ಮ ತಿಳಿಯಾದಂತೆ ಕಾಣುತ್ತದೆ. ನಡುವೆ ತಿಳಿಯಾಯಿತೆಂದು ವಾಸಿಯಾಯಿತೆಂದುಕೊಳ್ಳಬಾರದು. ಶಿಲೀಂಧ್ರ ಅಂಚಿನಲ್ಲಿ ಮುಂದಕ್ಕೆ ಸಾಗುತ್ತಿರುತ್ತದೆ.

ನಾವು ಸಣ್ಣವರಿದ್ದಾಗಲೂ ಗಜಕರ್ಣ ಇತ್ತು. ಆಗ ಎರಡು ಮೂರು ವಾರ ಮುಲಾಮು ಹಚ್ಚಿದರೆ ಹೋಗುತ್ತಿತ್ತು. ಈಗ ಹಾಗಿಲ್ಲ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಇದು ದೇಶದ ತುಂಬ ಹಟಮಾರಿಯಾಗಿದೆ. ತಿಂಗಳುಗಟ್ಟಲೆ ಹೋಗುವುದಿಲ್ಲ. ಹೋದರೂ ಮರಳಿ ಬರುತ್ತದೆ, ಮನೆಯಲ್ಲಿ ಒಬ್ಬರಿಂದ ಐವರಿಗೆ ದಾಟುತ್ತದೆ. ಭಾರತದಲ್ಲಿ ಹರಡಿರುವ ಈ ಜಾತಿಯ ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನ ವಿಜ್ಞಾನಿಗಳು “ಟ್ರೈಕೋಫೈಟಾನ್ ಇಂಡೊಟೀನಿಯೇ” ಎಂದು ಹೆಸರಿಟ್ಟರು. 2023ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲೂ ಇದು ಕಂಡುಬಂದು ಅಲ್ಲಿಯ ಸರ್ಕಾರಿ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ಟರ್ಬಿನಾಫಿನ್ ಎಂಬ ಹೆಸರಾಂತ ಔಷಧಕ್ಕೆ ಈ ಜಾತಿ ಬಹಳ ಸಲ ಬಗ್ಗುವುದಿಲ್ಲ. ನಮ್ಮ ದೇಶದ ಹೆಸರು ಇಂಥದ್ದಕ್ಕೆ ಅಂಟಿಕೊಂಡದ್ದು ಹೆಮ್ಮೆಪಡುವ ವಿಷಯವೇನಲ್ಲ.

ಹೀಗೇಕಾಯಿತು ಎಂದರೆ, ಡಾಕ್ಟರುಗಳು ಮೊದಲು ಬೆರಳು ತೋರಿಸುವುದು ಆ ಎರಡು ದಿನದ ಟ್ಯೂಬಿನ ಕಡೆಗೆ.

ಎರಡು ದಿನದಲ್ಲಿ ತುರಿಕೆ ನಿಲ್ಲಿಸುವ ಟ್ಯೂಬು

ಔಷಧದ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಅನೇಕ ಮುಲಾಮುಗಳಲ್ಲಿ ಮೂರು ನಾಲ್ಕು ಔಷಧ ಕಲಸಿರುತ್ತಾರೆ. ಒಂದು ಶಿಲೀಂಧ್ರಕ್ಕೆ, ಒಂದು ಬ್ಯಾಕ್ಟೀರಿಯಾಕ್ಕೆ, ಇವುಗಳ ಜೊತೆಗೆ ಒಂದು ಸ್ಟಿರಾಯ್ಡ್. ಸ್ಟಿರಾಯ್ಡ್ ಕೆಟ್ಟ ಔಷಧವೇನಲ್ಲ. ಇಸುಬು, ಸೋರಿಯಾಸಿಸ್ ಮುಂತಾದವುಗಳಿಗೆ ಡಾಕ್ಟರು ಲೆಕ್ಕ ಹಾಕಿ ಕೊಟ್ಟರೆ ಅದು ವರದಾನ. ಆದರೆ ಸೋಂಕಿನ ಮೇಲೆ ಹಚ್ಚಿದರೆ ಏನಾಗುತ್ತದೆ ನೋಡಿ. ಉರಿ, ಕೆಂಪು, ತುರಿಕೆ ಇವು ನಮ್ಮ ಮೈ ಸೋಂಕಿನ ವಿರುದ್ಧ ಹೋರಾಡುವ ಲಕ್ಷಣ. ಸ್ಟಿರಾಯ್ಡ್ ಆ ಹೋರಾಟವನ್ನೇ ನಿಲ್ಲಿಸಿಬಿಡುತ್ತದೆ. ಕಾವಲುಗಾರನನ್ನು ಮಲಗಿಸಿ ಕಳ್ಳನನ್ನು ಒಳಗೆ ಬಿಟ್ಟಂತೆ. ತುರಿಕೆ ನಿಂತಿತು, ಔಷಧ ಬಹಳ ಚಲೋ ಎಂದು ನಾವು ಟ್ಯೂಬು ಮುಚ್ಚಿಡುತ್ತೇವೆ. ಒಳಗೆ ಶಿಲೀಂಧ್ರ ನಿರಾತಂಕವಾಗಿ ಹರಡುತ್ತದೆ. ಹದಿನೈದು ದಿನಕ್ಕೆ ದುಪ್ಪಟ್ಟಾಗಿ ಮರಳುತ್ತದೆ. ಮತ್ತೆ ಅದೇ ಟ್ಯೂಬು.

ಅಂಗಡಿಗೆ ಬರುವ ಒಬ್ಬ ತಾಯಿ ನನಗೆ ಹೇಳಿದ್ದು ಹೀಗೆ: “ಕಾಕಾರ, ಹಚ್ಚಿದ್ರ ಹೋಗ್ತೈತ್ರಿ, ಬಿಟ್ರ ಬರ್ತೈತಿ. ಒಂದೂವರಿ ವರ್ಷ ಆತು.” ಆ ಒಂದೂವರೆ ವರ್ಷದಲ್ಲಿ ಆಕೆಯ ಸೊಂಟದಿಂದ ಬೆನ್ನಿನ ತನಕ ಹರಡಿತ್ತು. ಮಗಳ ಕುತ್ತಿಗೆಗೂ ಬಂದಿತ್ತು. ಇಂಥ ಗಜಕರ್ಣಕ್ಕೆ ಬಳೆಯ ಆಕಾರವೂ ಉಳಿಯುವುದಿಲ್ಲ. ನೋಡಿದ ಕೂಡಲೇ ಗುರುತು ಹಿಡಿಯುವುದು ಡಾಕ್ಟರರಿಗೂ ಕಷ್ಟವಾಗುತ್ತದೆ.

ಬಹಳ ದಿನ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳುವಾಗುತ್ತದೆ. ತೊಡೆಸಂದಿ, ಕಂಕುಳಲ್ಲಿ ಬಸುರಿಯ ಹೊಟ್ಟೆಯ ಮೇಲಿನ ಗೆರೆಗಳಂಥ ಸೀಳು ಬೀಳುತ್ತವೆ. ಇವು ಮತ್ತೆ ಮೊದಲಿನಂತಾಗುವುದಿಲ್ಲ. ಮುಖಕ್ಕೆ ಹಚ್ಚಿದರೆ ಕೆಂಪು, ಮೊಡವೆ, ಹೆಣ್ಣುಮಕ್ಕಳಿಗೆ ಮುಖದ ಮೇಲೆ ಕೂದಲು. ಬೆಳ್ಳಗಾಗಲೆಂದು ಇದೇ ಮುಲಾಮನ್ನು ಮುಖಕ್ಕೆ ಹಚ್ಚುವ ಹುಡುಗಿಯರೂ ಇದ್ದಾರೆ. ತಾಯಂದಿರು ದಯವಿಟ್ಟು ಗಮನಿಸಬೇಕು.

ಚರ್ಮ ವೈದ್ಯರ ಅಖಿಲ ಭಾರತ ಸಂಘವು ವರ್ಷಗಟ್ಟಲೆ ಒತ್ತಾಯ ಮಾಡಿದ ಮೇಲೆ, 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರರ ಚೀಟಿ ಇಲ್ಲದೆ ಮಾರಬಾರದೆಂದು ಆದೇಶ ಮಾಡಿತು. ಆದೇಶ ಕಾಗದದ ಮೇಲಿದೆ. ಕೌಂಟರಿನ ಮೇಲೆ ಏನು ನಡೆಯುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಬರೀ ಅಂಗಡಿಯವರನ್ನು ದೂರಿದರೆ ಆಗುವುದಿಲ್ಲ. ನಾನೂ ವ್ಯಾಪಾರಿಯೇ, ಗಿರಾಕಿ ಕೇಳಿದ್ದನ್ನು ಕೊಡುವುದು ವ್ಯಾಪಾರದ ರೂಢಿ. ಹಾಗಾಗಿ ಕೇಳುವವರೇ ಎಚ್ಚರವಾಗಬೇಕು. ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಮಕ್ಕಳಿಂದ ಓದಿಸಿ. ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಈ ಮೂರರಲ್ಲಿ ಒಂದು ಹೆಸರಿದ್ದರೂ ಅದು ಸ್ಟಿರಾಯ್ಡ್ ಮುಲಾಮು. ಡಾಕ್ಟರು ನೋಡಿ ಬರೆಯದ ಹೊರತು ಅದನ್ನು ಮನೆಗೆ ತರಬೇಡಿ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ಡಾಕ್ಟರರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಬಿಟ್ಟ ಮೇಲೆ ಕೆಲವು ದಿನ ತುರಿಕೆ, ಉರಿ ಹೆಚ್ಚಾಗುತ್ತದೆ. ಅದಕ್ಕೆ ಹೆದರಿ ಮತ್ತೆ ಹಳೆಯ ಟ್ಯೂಬಿಗೆ ಕೈಹಾಕುವವರೇ ಬಹಳ.

ಸರಿಯಾದ ಚಿಕಿತ್ಸೆ ಹೇಗಿರುತ್ತದೆ

ಅನುಮಾನವಿದ್ದರೆ ಡಾಕ್ಟರು ಅಂಚಿನ ಹೊಟ್ಟನ್ನು ಸ್ವಲ್ಪ ಕೆರೆದು, ಒಂದು ರಾಸಾಯನಿಕದ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೋವಿಲ್ಲ, ರಕ್ತವಿಲ್ಲ. ಶಿಲೀಂಧ್ರದ ಎಳೆಗಳು ಕಂಡರೆ ಅಲ್ಲಿಗೆ ತೀರ್ಮಾನ.

ಸಣ್ಣದಿದ್ದು ಒಂದೇ ಕಡೆ ಇದ್ದರೆ ಶಿಲೀಂಧ್ರದ ಔಷಧ ಮಾತ್ರ ಇರುವ ಮುಲಾಮು ಸಾಕಾಗಬಹುದು. ಕ್ಲೋಟ್ರಿಮಜೋಲ್, ಕೆಟೊಕೊನಾಜೋಲ್, ಲುಲಿಕೊನಾಜೋಲ್ ಇಂಥವು. ಹಚ್ಚುವುದಕ್ಕೂ ಒಂದು ರೀತಿಯಿದೆ. ಕಲೆಯ ಮೇಲೆ ಮಾತ್ರವಲ್ಲ, ಅಂಚಿನಿಂದ ಆಚೆಗೆ ಎರಡು ಬೆರಳಿನಷ್ಟು ಚೆನ್ನಾಗಿದ್ದ ಚರ್ಮಕ್ಕೂ ಹಚ್ಚಬೇಕು. ಹೊರಗಿನಿಂದ ಒಳಗೆ ಹಚ್ಚುತ್ತಾ ಬರಬೇಕು. ಕಲೆ ಮಾಯವಾದ ಮೇಲೂ ಕಡಿಮೆಯೆಂದರೆ ಎರಡು ವಾರ ಬಿಡಬಾರದು. ಕಣ್ಣಿಗೆ ಕಾಣದ ಎಳೆಗಳು ಇನ್ನೂ ಇರುತ್ತವೆ.

ಹೆಚ್ಚು ಹರಡಿದ್ದರೆ, ತಲೆಯಲ್ಲಿ ಅಥವಾ ಉಗುರಿನಲ್ಲಿ ಇದ್ದರೆ, ಸ್ಟಿರಾಯ್ಡ್ ಹಚ್ಚಿ ಕೆಟ್ಟಿದ್ದರೆ ಹೊಟ್ಟೆಗೆ ಗುಳಿಗೆ ಬೇಕು. ಇಟ್ರಾಕೊನಾಜೋಲ್, ಟರ್ಬಿನಾಫಿನ್, ಗ್ರೈಸಿಯೋಫುಲ್ವಿನ್, ಫ್ಲುಕೊನಾಜೋಲ್ ಇವುಗಳಲ್ಲಿ ಯಾವುದು, ಎಷ್ಟು ವಾರ ಎಂಬುದನ್ನು ಡಾಕ್ಟರೇ ಹೇಳಬೇಕು. ಈಗಿನ ಸೋಂಕಿಗೆ ನಾಲ್ಕರಿಂದ ಎಂಟು ವಾರ ಸಾಮಾನ್ಯ, ಕೆಲವರಿಗೆ ಇನ್ನೂ ಹೆಚ್ಚು. ಉಗುರಿನದಾದರೆ ತಿಂಗಳುಗಳೇ ಬೇಕು. ಪಕ್ಕದ ಮನೆಯವರ ಚೀಟಿ ನೋಡಿ ಅದೇ ಗುಳಿಗೆ ನುಂಗುವುದು ಅಪಾಯ. ಹೃದಯ ದುರ್ಬಲವಿದ್ದವರಿಗೆ ಇಟ್ರಾಕೊನಾಜೋಲ್ ಆಗಿಬರುವುದಿಲ್ಲ. ಕೊಲೆಸ್ಟ್ರಾಲಿನ ಕೆಲವು ಗುಳಿಗೆಗಳ ಜೊತೆ ಕೊಡುವಂತಿಲ್ಲ. ಫ್ಲುಕೊನಾಜೋಲ್ ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳ ಜೊತೆ ಸೇರಿದರೆ ಸಕ್ಕರೆ ಒಮ್ಮೆಲೆ ಇಳಿಯಬಹುದು. ಲಿವರ್ ತೊಂದರೆ ಇದ್ದವರು, ಬಸುರಿಯರು, ಹಾಲುಣಿಸುವವರು ಮೊದಲೇ ಹೇಳಬೇಕು. ನಿತ್ಯ ತೆಗೆದುಕೊಳ್ಳುವ ಎಲ್ಲ ಗುಳಿಗೆಗಳ ಪಟ್ಟಿ ಜೇಬಿನಲ್ಲಿಟ್ಟುಕೊಂಡು ಹೋಗಿ.

ನಮ್ಮ ಸಮಾಜದವರು ಡಾಕ್ಟರರಿಗೆ ಹೇಳಬೇಕಾದ ಇನ್ನೂ ಎರಡು ವಿಷಯಗಳಿವೆ. ಇಟ್ರಾಕೊನಾಜೋಲ್ ಹೆಚ್ಚಾಗಿ ಕ್ಯಾಪ್ಸೂಲಿನಲ್ಲಿ ಬರುತ್ತದೆ. ಸಾಮಾನ್ಯ ಕ್ಯಾಪ್ಸೂಲಿನ ಹೊದಿಕೆ ಜಿಲೆಟಿನ್, ಅದು ಪ್ರಾಣಿಗಳ ಎಲುಬು, ತೊಗಲಿನಿಂದ ಆದದ್ದು. ತಿಂಡಿ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಔಷಧದ ಮೇಲೆ ಇರುವುದಿಲ್ಲ, ಹಾಗಾಗಿ ನೋಡಿ ತಿಳಿಯುವಂತಿಲ್ಲ. ಗೊತ್ತಾದ ಮೇಲೆ ಕೆಲವರು ಯಾರಿಗೂ ಹೇಳದೆ ಅರ್ಧಕ್ಕೆ ಔಷಧ ಬಿಟ್ಟುಬಿಡುತ್ತಾರೆ. ಅರ್ಧ ಚಿಕಿತ್ಸೆಯೇ ಶಿಲೀಂಧ್ರವನ್ನು ಮೊಂಡು ಮಾಡುವುದು. ಮೊದಲ ದಿನವೇ “ನಾವು ಜೈನರು, ಕ್ಯಾಪ್ಸೂಲು ಬೇಡ, ಬೇರೆ ದಾರಿ ಇದೆಯೇ” ಎಂದು ಕೇಳಿ. ಟರ್ಬಿನಾಫಿನ್, ಫ್ಲುಕೊನಾಜೋಲ್, ಗ್ರೈಸಿಯೋಫುಲ್ವಿನ್ ಗುಳಿಗೆ ರೂಪದಲ್ಲಿ ಸಿಗುತ್ತವೆ. ಸಸ್ಯಮೂಲದ ಹೊದಿಕೆಯ ಕ್ಯಾಪ್ಸೂಲುಗಳೂ ಇವೆ. ಯಾವುದು ನಿಮಗೆ ಸರಿಹೋಗುತ್ತದೆಂದು ಅವರು ನೋಡುತ್ತಾರೆ. ಇದನ್ನು ಕೇಳಲು ಸಂಕೋಚ ಬೇಡ. ಯಾವ ಡಾಕ್ಟರೂ ಇದಕ್ಕೆ ಸಿಟ್ಟಾದದ್ದನ್ನು ನಾನು ಕಂಡಿಲ್ಲ.

ಎರಡನೆಯದು, ಊಟದ ಹೊತ್ತು. ಸೂರ್ಯಾಸ್ತದ ನಂತರ ಏನೂ ತೆಗೆದುಕೊಳ್ಳದವರು, ಪರ್ವದಲ್ಲಿ ಏಕಾಶನ, ಉಪವಾಸ ಮಾಡುವವರು ಅದನ್ನು ಮುಂಚೆಯೇ ತಿಳಿಸಬೇಕು. “ರಾತ್ರಿ ಊಟದ ನಂತರ” ಎಂದು ಚೀಟಿಯಲ್ಲಿ ಬರೆದದ್ದನ್ನು ಹಗಲಿಗೆ ಬದಲಿಸಿಕೊಡಲು ಸಾಧ್ಯವೇ, ದಿನಕ್ಕೆ ಒಂದೇ ಸಲದ ಔಷಧ ಇದೆಯೇ ಎಂದು ಕೇಳಿ. ಇಟ್ರಾಕೊನಾಜೋಲ್ ಕ್ಯಾಪ್ಸೂಲು, ಗ್ರೈಸಿಯೋಫುಲ್ವಿನ್ ಗುಳಿಗೆ ಊಟದ ಜೊತೆಗೇ ಮೈಗೆ ಹತ್ತುತ್ತವೆ, ಬರಿ ಹೊಟ್ಟೆಗೆ ಪ್ರಯೋಜನವಿಲ್ಲ. ಅಷ್ಟಾಹ್ನಿಕದಲ್ಲೋ ದಶಲಕ್ಷಣದಲ್ಲೋ ಉಪವಾಸ ಹಿಡಿಯುವ ಸಂಕಲ್ಪವಿದ್ದರೆ ಚಿಕಿತ್ಸೆ ಶುರು ಮಾಡುವ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ಹಚ್ಚುವ ಮುಲಾಮಿಗೆ ಊಟದ ಕಟ್ಟುಪಾಡೇನೂ ಇಲ್ಲ.

ಬಟ್ಟೆಯ ವಿಷಯ

ಇದು ನನ್ನ ಧಂದೆಯ ಮಾತು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಲವತ್ತು ಡಿಗ್ರಿ ಬಿಸಿಲಿನ ಊರಿನಲ್ಲಿ ಬಿಗಿ ಜೀನ್ಸು, ಲೆಗ್ಗಿಂಗ್ಸು, ನೈಲಾನ್ ಒಳಉಡುಪು ಮಾರಿ ದುಡ್ಡು ಮಾಡುವವರಲ್ಲಿ ನಾನೂ ಒಬ್ಬ. ಆದರೆ ಗಜಕರ್ಣ ಇದ್ದವರು ಕೇಳಿದರೆ ಸಡಿಲವಾದ ಹತ್ತಿ ಬಟ್ಟೆಯನ್ನೇ ತೋರಿಸುತ್ತೇನೆ. ಹೆಣ್ಣುಮಕ್ಕಳ ಪರಕಾರದ ನಾಡಿಯನ್ನು ಬಿಗಿದು ಕಟ್ಟುವ ಜಾಗ, ಗಂಡಸರ ಉಡಿದಾರದ ಜಾಗ ಇವೆರಡೂ ಗಜಕರ್ಣದ ತವರುಮನೆ. ಬೆವರಿದ ಉಡಿದಾರವನ್ನು ವರ್ಷಗಟ್ಟಲೆ ಬಿಚ್ಚದೆ ಇರುತ್ತಾರೆ. ಚಿಕಿತ್ಸೆ ಮುಗಿಯುವ ತನಕ ಅದನ್ನು ತೆಗೆದಿಡಿ, ಆಮೇಲೆ ಹೊಸದು ಕಟ್ಟಿಕೊಳ್ಳಿ.

ಸೋಂಕಿದ್ದವರ ಬಟ್ಟೆ, ಟವೆಲು, ಹಾಸಿಗೆ ಹೊದಿಕೆ ಬೇರೆಯಾಗಿ ಒಗೆಯಬೇಕು. ಎಲ್ಲರ ಬಟ್ಟೆಯನ್ನೂ ಒಂದೇ ಬಕೆಟ್ಟಿನಲ್ಲಿ ನೆನೆಹಾಕಿದರೆ ಸೋಂಕನ್ನೂ ಹಂಚಿದಂತೆ. ತಣ್ಣೀರಿಗೆ ಈ ಶಿಲೀಂಧ್ರ ಜಗ್ಗುವುದಿಲ್ಲ, ಸುಮಾರು 60 ಡಿಗ್ರಿಯ ಬಿಸಿನೀರು ಬೇಕು. ಆಮೇಲೆ ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿ, ಒಳಉಡುಪನ್ನೂ ಇಸ್ತ್ರಿ ಮಾಡಿ. ಮಳೆಗಾಲದಲ್ಲಿ ಮನೆಯೊಳಗಿನ ಹಗ್ಗದ ಮೇಲೆ ಅರೆಬರೆ ಒಣಗಿದ್ದನ್ನು ಉಡುವುದೇ ಈ ರೋಗಕ್ಕೆ ಆಹ್ವಾನ.

ಬಸದಿಯ ವಿಷಯವನ್ನೂ ಹೇಳಬೇಕು. ಕೆಲವು ಕಡೆ ಅಭಿಷೇಕ, ಪೂಜೆಗೆ ಬರುವವರಿಗೆಂದು ಶುದ್ಧ ಪಂಚೆ, ಉತ್ತರೀಯ ಇಟ್ಟಿರುತ್ತಾರೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಒಬ್ಬರು ಉಟ್ಟು ಬಿಟ್ಟದ್ದನ್ನು ನೀರಿಗೆ ಅದ್ದಿ ಹಿಂಡಿ ಒಣಹಾಕಿ, ಮರುದಿನ ಇನ್ನೊಬ್ಬರು ಉಟ್ಟರೆ ಅದು ಮಡಿ ಇರಬಹುದು, ಸೋಂಕಿಲ್ಲದ್ದು ಎಂದು ಹೇಳಲಾಗದು. ಪ್ರತಿಯೊಬ್ಬರೂ ತಮ್ಮದೇ ಪೂಜಾವಸ್ತ್ರ ತರುವುದು ಉತ್ತಮ. ಒದ್ದೆ ಪಂಚೆಯಲ್ಲೇ ಗಂಟೆಗಟ್ಟಲೆ ಕೂರುವವರು ಒಣಗಿದ್ದನ್ನು ಉಡಲು ಅನುಕೂಲವಿದ್ದರೆ ಹಾಗೆ ಮಾಡಲಿ. ಹಾಗೆಯೇ ಮುನಿಗಳ, ಮಾತಾಜಿಯವರ ವೈಯಾವೃತ್ಯಕ್ಕೆ ಹೋಗುವವರು ತಮ್ಮ ಕೈ, ಬೆರಳಸಂದಿ ನೋಡಿಕೊಂಡು ಹೋಗಬೇಕು. ಕೈಯಲ್ಲಿ ತುರಿಯೋ ಗಜಕರ್ಣವೋ ಇದ್ದರೆ ವಾಸಿಯಾಗುವ ತನಕ ಬೇರೆ ಸೇವೆ ಮಾಡಲಿ. ನಮ್ಮ ಹಾಗೆ ಸಂಜೆಗೊಂದು ಗುಳಿಗೆ ನುಂಗುವ ಅನುಕೂಲ ಅವರಿಗಿಲ್ಲ.

ರಾತ್ರಿ ಮಲಗಗೊಡದ ಕಜ್ಜಿ

ಕಜ್ಜಿ, ತುರಿ ಎನ್ನುವುದು ಗಜಕರ್ಣಕ್ಕಿಂತ ಬೇರೆ. ಇಲ್ಲಿ ನಿಜವಾಗಿಯೂ ಒಂದು ಜೀವ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಬೆರಳಸಂದಿ, ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ, ಸೊಂಟ, ಗುಪ್ತಾಂಗಗಳ ಮೇಲೆ ಸಣ್ಣ ಗುಳ್ಳೆ, ರಾತ್ರಿ ಹಾಸಿಗೆಗೆ ಬಿದ್ದ ಮೇಲೆ ತಡೆಯಲಾಗದ ತುರಿಕೆ, ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ. ಈ ಮೂರು ಸೇರಿದರೆ ಕಜ್ಜಿಯೇ ಎಂದು ಮುಕ್ಕಾಲು ಪಾಲು ಹೇಳಬಹುದು. ಕೂಸುಗಳಿಗೆ ಅಂಗೈ, ಅಂಗಾಲು, ತಲೆಗೂ ಬರುತ್ತದೆ. ಹಾಸ್ಟೆಲಿನಿಂದ ರಜೆಗೆ ಬಂದ ಮಗ ಅಥವಾ ಮಗಳಿಂದ ಮನೆ ಹೊಕ್ಕುವುದು ಹೆಚ್ಚು. ಮೊದಲ ಸಲ ತಗುಲಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟರೊಳಗೆ ತಿಳಿಯದೆಯೇ ಇತರರಿಗೆ ದಾಟಿರುತ್ತದೆ.

ಔಷಧ ಸುಲಭ, ಆದರೆ ಮಾಡುವ ರೀತಿ ತಪ್ಪಿದರೆ ವ್ಯರ್ಥ. 5 ಪ್ರತಿಶತ ಪರ್ಮೆಥ್ರಿನ್ ಮುಲಾಮನ್ನು ರಾತ್ರಿ ಕುತ್ತಿಗೆಯಿಂದ ಕಾಲಬೆರಳ ತನಕ ಇಡೀ ಮೈಗೆ ಹಚ್ಚಬೇಕು. ಗುಳ್ಳೆ ಇದ್ದಲ್ಲಿ ಮಾತ್ರವಲ್ಲ. ಬೆರಳಸಂದಿ, ಉಗುರಿನ ಅಡಿ, ಹೊಕ್ಕುಳು ಬಿಡಬಾರದು. ಎಂಟರಿಂದ ಹದಿನಾಲ್ಕು ಗಂಟೆ ಬಿಟ್ಟು ಸ್ನಾನ. ಒಂದು ವಾರಕ್ಕೆ ಇನ್ನೊಮ್ಮೆ. ಮನೆಯಲ್ಲಿರುವ ಎಲ್ಲರೂ, ತುರಿಕೆ ಇಲ್ಲದವರೂ, ಅದೇ ರಾತ್ರಿ ಹಚ್ಚಬೇಕು. “ನನಗೇನೂ ಇಲ್ಲ, ನಾನ್ಯಾಕೆ ಹಚ್ಚಲಿ” ಎಂದು ಒಬ್ಬ ಹಿರಿಯರು ಹಟ ಹಿಡಿದರೆ ಇಡೀ ಮನೆಗೆ ತಿರುಗಿ ಬರುತ್ತದೆ. ಸಣ್ಣ ಕೂಸು, ಬಸುರಿಯರಿಗೆ ಡಾಕ್ಟರನ್ನು ಕೇಳಿಯೇ ಹಚ್ಚಿ. ಕೆಲವರಿಗೆ ಐವರ್ಮೆಕ್ಟಿನ್ ಗುಳಿಗೆ ಕೊಡುತ್ತಾರೆ, ತೂಕ ನೋಡಿ ಅಳತೆ. ಹದಿನೈದು ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ, ಬಸುರಿಯರಿಗೆ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಔಷಧ ಮಾಡಿದ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಇರುತ್ತದೆ. ನುಸಿ ಇದೆ ಎಂದಲ್ಲ, ಚರ್ಮ ಶಾಂತವಾಗಲು ಸಮಯ ಬೇಕು. ಅದನ್ನು ತಿಳಿಯದೆ ದಿನಾ ಪರ್ಮೆಥ್ರಿನ್ ಹಚ್ಚಿ ಚರ್ಮ ಸುಟ್ಟುಕೊಂಡವರಿದ್ದಾರೆ.

ಮೈಮೇಲಿಂದ ಬಿದ್ದ ನುಸಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಿರಿ. ಒಗೆಯಲಾಗದ ಕೌದಿ, ಸ್ವೆಟರು ಮುಂತಾದವನ್ನು ಚೀಲದಲ್ಲಿ ಕಟ್ಟಿ ಒಂದು ವಾರ ಬೇರೆ ಇಡಿ.

ಇಲ್ಲಿ ಒಂದು ಪ್ರಶ್ನೆಯನ್ನು ನಮ್ಮ ಹಿರಿಯ ಶ್ರಾವಿಕೆಯರು ಕೇಳುತ್ತಾರೆ: ಅದೂ ಜೀವ ತಾನೆ, ಕೊಲ್ಲುವುದು ಸರಿಯೇ? ಗೃಹಸ್ಥನು ಬಿಡಲೇಬೇಕಾದದ್ದು ಸಂಕಲ್ಪೀ ಹಿಂಸೆ, ಅಂದರೆ ಕೊಲ್ಲಬೇಕೆಂದೇ ಕೊಲ್ಲುವುದು ಎಂದು ನಾವೆಲ್ಲ ಕೇಳಿದ್ದೇವೆ. ಸಂಶಯವಿದ್ದರೆ ತಮ್ಮ ಗುರುಗಳನ್ನು ಕೇಳಿಕೊಳ್ಳಲಿ. ನನ್ನ ತಿಳುವಳಿಕೆಗೆ ಬಂದದ್ದು ಇಷ್ಟೇ: ಔಷಧ ಮಾಡದೆ ಬಿಟ್ಟರೆ ಮೊಟ್ಟೆ ಮರಿಯಾಗಿ ಜೀವರಾಶಿ ಬೆಳೆಯುತ್ತಲೇ ಹೋಗುತ್ತದೆ, ಕೊನೆಗೆ ಹೆಚ್ಚು ಔಷಧ, ಹೆಚ್ಚು ಜನರಿಗೆ. ಮೊದಲ ವಾರದಲ್ಲೇ ಮಾಡಿದರೆ ಎಲ್ಲ ಬಗೆಯಲ್ಲೂ ಕಡಿಮೆ. ಇನ್ನೊಂದು, ಕಜ್ಜಿ ತುರಿಸಿ ಕೀವಾದರೆ ಅದರಿಂದ ಮಕ್ಕಳ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ಕಜ್ಜಿ ಆದ ಮಗುವಿನ ಮುಖ ಊದಿಕೊಂಡರೆ, ಮೂತ್ರ ಕಡಿಮೆಯಾದರೆ, ಕೆಂಪಾದರೆ ತಡ ಮಾಡಬೇಡಿ.

ಕುರು, ಕೀವು, ಬಾವು

ಮಕ್ಕಳ ಮೂಗು, ಬಾಯಿಯ ಸುತ್ತ ಬೆಲ್ಲದ ಪಾಕ ಒಣಗಿದಂಥ ಹೊಪ್ಪಳೆ ಕಟ್ಟುವುದು, ಗಡ್ಡ, ತೊಡೆಯ ಕೂದಲ ಬುಡದಲ್ಲಿ ಕೀವುಗುಳ್ಳೆ, ಕುರು ಇವೆಲ್ಲ ಬ್ಯಾಕ್ಟೀರಿಯಾದಿಂದ ಬರುವವು. ಸಣ್ಣದಾದರೆ ಸೋಪು ನೀರಿನಲ್ಲಿ ತೊಳೆದು ಡಾಕ್ಟರು ಹೇಳಿದ ಆಂಟಿಬಯೋಟಿಕ್ ಮುಲಾಮು ಹಚ್ಚಿದರೆ ಸಾಕು. ಕುರುವನ್ನು ಹಿಚುಕಬಾರದು, ಅದರಲ್ಲೂ ಮೂಗು ಮತ್ತು ಮೇಲ್ದುಟಿಯ ಸುತ್ತ ಆದದ್ದನ್ನು ಮುಟ್ಟಲೇಬೇಡಿ. ಬಿಸಿನೀರಿನ ಬಟ್ಟೆಯ ಶಾಖ ಕೊಡಬಹುದು. ಪದೇ ಪದೇ ಕುರು ಏಳುತ್ತಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುವ ನಮ್ಮಂಥವರಲ್ಲಿ ಸಕ್ಕರೆ ಕಾಯಿಲೆ ಇರುವುದು ಹೀಗೆಯೇ ಗೊತ್ತಾದದ್ದುಂಟು.

ಅದೇ ದಿನ ಆಸ್ಪತ್ರೆಗೆ ಓಡಬೇಕಾದದ್ದು ಒಂದಿದೆ. ಕಾಲು ಕೆಂಪಾಗಿ, ಬಿಸಿಯಾಗಿ, ಊದಿ, ಜ್ವರ ಬಂದು, ಕೆಂಪು ಗಂಟೆಗಂಟೆಗೂ ಮೇಲಕ್ಕೆ ಹತ್ತುತ್ತಿದ್ದರೆ ಅದು ಚರ್ಮದ ಆಳಕ್ಕೆ ಇಳಿದ ಸೋಂಕು. ಪೆನ್ನಿನಿಂದ ಅಂಚಿಗೆ ಗೆರೆ ಎಳೆದುಕೊಂಡು ಹೊರಡಿ, ಡಾಕ್ಟರರಿಗೆ ಅದರಿಂದ ಅನುಕೂಲ. ಇದು ಎಷ್ಟೋ ಸಲ ಒಳಹೋಗುವುದು ಕಾಲಬೆರಳ ಸಂದಿಯ ಸಣ್ಣ ಬಿರುಕಿನಿಂದ. ಹೊಲಕ್ಕೆ ಹೋಗುವವರು, ಸಕ್ಕರೆ ಕಾಯಿಲೆಯವರು ರಾತ್ರಿ ಕಾಲು ತೊಳೆದು ಬೆರಳಸಂದಿ ಒರೆಸಿಕೊಳ್ಳುವ ರೂಢಿ ಮಾಡಿಕೊಳ್ಳಲಿ.

ಸರ್ಪಸುತ್ತು ಮತ್ತು ಬಿಳಿ ಮಚ್ಚೆ

ಸರ್ಪಸುತ್ತಿಗೂ ಹಾವಿಗೂ ಸಂಬಂಧವಿಲ್ಲ. ಸಣ್ಣಂದಿನಲ್ಲಿ ಬಂದ ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ವೈರಸ್ ನರದಲ್ಲಿ ಅಡಗಿದ್ದು ವಯಸ್ಸಾದ ಮೇಲೆ ಏಳುತ್ತದೆ. ಮೈಯ ಒಂದೇ ಬದಿಗೆ ಪಟ್ಟಿಯ ಹಾಗೆ ಉರಿ, ಆಮೇಲೆ ಗುಳ್ಳೆ. ತಲೆ, ಬಾಲ ಕೂಡಿದರೆ ಸಾವು ಎಂಬುದು ಸುಳ್ಳು. ಆದರೆ ಕೆಮ್ಮಣ್ಣು ಹಚ್ಚಿಸಿ, ಮಂತ್ರ ಹಾಕಿಸಿ ಕಳೆಯುವ ಮೂರು ದಿನ ಬಹಳ ದುಬಾರಿ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ಸಿನ ಗುಳಿಗೆ ಶುರುವಾದರೆ ಹೆಚ್ಚಿನ ಪ್ರಯೋಜನ. ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಕಾಡುವ ಉರಿನೋವು ವಯಸ್ಸಾದವರನ್ನು ಹಣ್ಣು ಮಾಡುತ್ತದೆ. ಹಣೆ, ಕಣ್ಣು, ಮೂಗಿನ ಮೇಲೆ ಬಂದರೆ ಕಣ್ಣಿನ ಡಾಕ್ಟರನ್ನೂ ಕಾಣಬೇಕು. ಐವತ್ತು ದಾಟಿದವರಿಗೆ ಒಂದು ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ. ಬೆಲೆ ಹೆಚ್ಚು, ಅನುಕೂಲ ಇದ್ದವರು ವಿಚಾರಿಸಬಹುದು.

ಎದೆ, ಬೆನ್ನು, ಕುತ್ತಿಗೆಯ ಮೇಲೆ ಹೊಟ್ಟಿನಂಥ ಬಿಳಿ ಅಥವಾ ಕಂದು ಚುಕ್ಕೆಗಳು ಚಿಬ್ಬು. ಎಲ್ಲರ ಮೈಮೇಲೂ ಇರುವ ಒಂದು ಶಿಲೀಂಧ್ರ ಬೆವರಿಗೆ ಹೆಚ್ಚಾಗಿ ಬರುವಂಥದ್ದು. ತೊನ್ನಲ್ಲ, ಅಂಟುವುದೂ ಇಲ್ಲವೆನ್ನಬಹುದು. ಕನ್ಯೆ ನೋಡಲು ಬಂದವರು ಕುತ್ತಿಗೆಯ ಚಿಬ್ಬು ಕಂಡು ಪಿಸುಗುಟ್ಟಿದ ಪ್ರಸಂಗಗಳು ನಮ್ಮಲ್ಲಿ ನಡೆದಿವೆ, ಅದಕ್ಕೇ ಹೇಳುತ್ತಿದ್ದೇನೆ. ಔಷಧದಿಂದ ಶಿಲೀಂಧ್ರ ಬೇಗ ಹೋಗುತ್ತದೆ, ಬಣ್ಣ ಮರಳಲು ಕೆಲವು ತಿಂಗಳು ಬೇಕು. ಆದರೆ ಮಚ್ಚೆಯ ಮೇಲೆ ಮುಟ್ಟಿದ್ದು, ಬಿಸಿ ತಣ್ಣಗೆ ತಿಳಿಯದಿದ್ದರೆ ಮುಚ್ಚಿಡಬೇಡಿ. ಕುಷ್ಠಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ ಔಷಧವಿದೆ. ಆರರಿಂದ ಹನ್ನೆರಡು ತಿಂಗಳಲ್ಲಿ ವಾಸಿಯಾಗುತ್ತದೆ, ಬೇಗ ಶುರು ಮಾಡಿದರೆ ಕೈಕಾಲಿಗೆ ಊನವೂ ಬರುವುದಿಲ್ಲ.

ಮನೆಮದ್ದಿನ ಬಗ್ಗೆ ಕೇಳುವವರಿಗೆ: ಬೇವಿನೆಲೆಯ ನೀರಲ್ಲಿ ಸ್ನಾನ ಮಾಡಿದರೆ ನಷ್ಟವಿಲ್ಲ, ಅದರಿಂದಲೇ ಗಜಕರ್ಣ ಹೋಗುತ್ತದೆಂದು ಕಾಯಬೇಡಿ. ಎಕ್ಕೆಯ ಹಾಲು, ಸುಣ್ಣ, ಸೀಮೆಎಣ್ಣೆ ಹಚ್ಚಿ ಚರ್ಮ ಸುಟ್ಟುಕೊಂಡವರನ್ನು ಶಿಬಿರಗಳಲ್ಲಿ ಕಂಡಿದ್ದೇನೆ. ಅಡಿಗೆಮನೆಗೆ ಬೆಳ್ಳುಳ್ಳಿ ತರದ ಮನೆಯವರು ಕೂಡ ಗಜಕರ್ಣಕ್ಕೆ ಅರೆದು ಹಚ್ಚಲು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಹಸಿ ಬೆಳ್ಳುಳ್ಳಿಯೂ ಚರ್ಮವನ್ನು ಸುಡುತ್ತದೆ.

ಎಲ್ಲಿಗೆ ಹೋಗಬೇಕು

ಕಲಾದಗಿ, ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆಯವರಿಗೆ ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಇದೆ, ಅಲ್ಲಿ ಚರ್ಮದ ವಿಭಾಗವಿದೆ. ಧಾರವಾಡದ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ, ಹುಬ್ಬಳ್ಳಿಯ ಕೆಎಂಸಿ-ಆರ್‌ಐ (ಹಿಂದಿನ ಕಿಮ್ಸ್), ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಗಳೂ ನಮ್ಮವರಿಗೆ ಪರಿಚಿತವೇ. ಮೊದಲ ಹಂತದಲ್ಲಿ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದರೂ ಆಗುತ್ತದೆ. ಗುಳಿಗೆ, ಮುಲಾಮು ವಾರಗಟ್ಟಲೆ, ಅದೂ ಮನೆಮಂದಿಗೆಲ್ಲ ಬೇಕಾದಾಗ ಖರ್ಚು ಬೀಳುತ್ತದೆ. ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಕಡಿಮೆ ಬೆಲೆಗೆ ಸಿಗುತ್ತದೆಯೇ ಎಂದು ಚೀಟಿ ಹಿಡಿದುಕೊಂಡು ಕೇಳಿ.

ಹೋಗುವ ದಿನ ಬೆಳಿಗ್ಗೆ ಮೈಗೆ ಏನೂ ಹಚ್ಚಬೇಡಿ, ಪುಡಿಯನ್ನೂ ಬೇಡ. ಇಲ್ಲಿಯವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನು, ಖಾಲಿಯಾದದ್ದನ್ನೂ, ಒಂದು ಚೀಲದಲ್ಲಿ ಹಾಕಿಕೊಳ್ಳಿ. ಮನೆಯಲ್ಲಿ ತುರಿಕೆ ಇರುವ ಉಳಿದವರನ್ನೂ ಅದೇ ದಿನ ಜೊತೆಗೆ ಕರೆದುಕೊಂಡು ಹೋಗಿ.